ಉದ್ಯಾನದಲ್ಲಿ ಕೈಗಳನ್ನು ಎಲ್ಲಿಡಬೇಕು?

ಭಾನುವಾರ ಮಧ್ಯಾಹ್ನ ಲಂಡನ್ನಿನ ಯಾವುದಾದರೂ ಸಾರ್ವಜನಿಕ ಉದ್ಯಾನದಲ್ಲಿ ಒಂದು ಬೆಂಚು ಹಿಡಿದು ಕುಳಿತು ನೋಡಿ, ನಮ್ಮವರನ್ನು ಮುಖ ನೋಡದೆ ಕೈ ನೋಡಿಯೇ ಗುರುತಿಸಬಹುದು. ಈ ಊರಿನವರ ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ನಾಯಿಯ ಹಗ್ಗ. ಎರಡೂ ಖಾಲಿಯಿದ್ದರೆ ಹೂವಿನ ಗಲ್ಲ ಹಿಡಿದು ಮುದ್ದಿಸುವಷ್ಟು ಸಲಿಗೆ. ನಮ್ಮವರ ಕೈಗಳು ಮಾತ್ರ ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಗುಲಾಬಿಯ ಸಾಲು ಬಂತೆಂದರೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ನಾನೂ ಹಾಗೆಯೇ ನಡೆಯುತ್ತೇನೆ. ಮೊನ್ನೆ ನನ್ನ ಹೆಂಡತಿ, ಬೆಂಗಳೂರಿನವಳು, ನಡುದಾರಿಯಲ್ಲೇ ನಿಂತು, "ಅದ್ಯಾಕ್ರೀ ರಿಟೈರ್ಡ್ ಹೆಡ್‌ಮಾಸ್ಟರ್ ಥರ ಕೈ ಹಿಂದೆ ಕಟ್ಕೊಂಡು ನಡೀತೀರಾ?" ಎಂದು ಕೇಳಿದಳು. ಉತ್ತರ ಉದ್ದವಿದೆ, ಅದರ ತುಂಬ ಸಿಟ್ಟೂ ಇದೆ, ಮತ್ತು ಅವಳು ನಡುವೆ ಬಾಯಿ ಹಾಕುತ್ತಾಳೆ. ನೀವು ಹಾಕುವುದಿಲ್ಲವೆಂಬ ಧೈರ್ಯದಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

ನಾನು ಬೆಳೆದದ್ದು ಧಾರವಾಡದ ಮಾಳಮಡ್ಡಿಯಲ್ಲಿ. ಬೆಳಗಿನ ವಾಯುಸೇವನೆ ಎಂಬುದು ಅಲ್ಲಿ ಪುಷ್ಪಸಂಗ್ರಹಕ್ಕೆ ಇಟ್ಟಿರುವ ಮರ್ಯಾದೆಯ ಹೆಸರು. ಕಂಪೌಂಡಿನ ಒಳಗಿನ ಹೂ ಮನೆಯವರದು, ಗೋಡೆ ದಾಟಿ ಬೀದಿಗೆ ಇಣುಕಿದ ಹೂ ದೇವರದು ಎಂಬುದು ಯಾವ ಕೋರ್ಟೂ ಬರೆದುಕೊಡದ, ಆದರೆ ಇಡೀ ಓಣಿ ಒಪ್ಪಿಕೊಂಡಿದ್ದ ಕಾಯಿದೆ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ ಶಾಂತಕ್ಕ ಈ ಕಾಯಿದೆಯ ಪರಮ ಪಂಡಿತೆ. ಕೊಕ್ಕೆ ಕಟ್ಟಿದ ಕೋಲಿನಿಂದ ಟೊಂಗೆ ಬಾಗಿಸುವುದು ನನ್ನ ಕೆಲಸ, ಬಿಡಿಸುವುದು ಅವಳದು. ಬಿಡಿಸುವುದಕ್ಕೂ ಅವಳಲ್ಲಿ ನಿಯಮಗಳಿದ್ದವು. ಗಿಡವನ್ನು ಬೋಳು ಮಾಡಬಾರದು, ಗಿಡಕ್ಕೆಂದು ನಾಲ್ಕು ಹೂ ಬಿಡಬೇಕು. ಪಾರಿಜಾತವೊಂದನ್ನು ಬಿಟ್ಟು ನೆಲಕ್ಕೆ ಬಿದ್ದದ್ದನ್ನು ಎತ್ತಬಾರದು. ಮತ್ತು ಏನೇ ಆದರೂ ಮೂಸಬಾರದು. ನಾವು ಮೂಸಿದ ಹೂ ನಮ್ಮ ಎಂಜಲು, ಅದು ದೇವರಿಗೆ ಸಲ್ಲದು. ಒಮ್ಮೊಮ್ಮೆ ಆ ಮನೆಯ ಯಜಮಾನರು ಹಲ್ಲುಜ್ಜುತ್ತ ಕಿಟಕಿಯಿಂದ, "ಮೊಗ್ಗು ಬಿಡ್ರವಾ, ನಾಳೆ ನಮಗೂ ಬೇಕು" ಎಂದು ಕೂಗುತ್ತಿದ್ದರು. ಅಷ್ಟೇ. ನಮ್ಮನ್ನು ಕಳ್ಳರೆಂದವರು ಯಾರೂ ಇರಲಿಲ್ಲ.

ಆ ಶಾಂತಕ್ಕ, ಈಗ ನಿವೃತ್ತ ಶಾಲಾಶಿಕ್ಷಕಿ, ಈ ಮೇ ತಿಂಗಳ ಮೊದಲ ವಾರ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿರುವ ನಮ್ಮ ಮನೆಗೆ ಮೂರು ತಿಂಗಳ ಮಟ್ಟಿಗೆ ಬಂದಳು. ಬಂದ ಮರುದಿನವೇ ಅಡಿಗೆಮನೆಯ ಕಪಾಟಿನಲ್ಲಿ, ಕಾರ್ನ್‌ಫ್ಲೇಕ್ಸ್ ಡಬ್ಬಿಯ ಪಕ್ಕಕ್ಕೆ ಸರಿದುಹೋಗಿದ್ದ ನನ್ನ ದೇವರುಗಳನ್ನು ಈಚೆ ತಂದು, ತಿಕ್ಕಿ ತೊಳೆದು, ಮತ್ತೆ ಅಲ್ಲೇ ಮುಂದಕ್ಕೆ ಕೂರಿಸಿ, "ಹೂ ಎಲ್ಲಿ?" ಎಂದಳು. ಹಿತ್ತಲಲ್ಲಿ ಹುಲ್ಲು ಬಿಟ್ಟರೆ ನನ್ನದೇನೂ ಇರಲಿಲ್ಲ. ಮೊದಲ ಎರಡು ವಾರ ಅಂಗಡಿಯ ಹೂವಿನಲ್ಲಿ ಕಾಲ ಹಾಕಿದೆವು. ಆಮೇಲೆ ಒಂದು ಭಾನುವಾರ ಬಸ್ಸಿನಲ್ಲಿ ಅವಳನ್ನು ಉದ್ಯಾನ ತೋರಿಸಲು ಕರೆದೊಯ್ಯುವಾಗ ನಾನು ದಾರಿಯುದ್ದಕ್ಕೂ ಉಪದೇಶ ಮಾಡಿದೆ: ಇಲ್ಲಿ ಮುಟ್ಟುವಂತಿಲ್ಲ, ಕೀಳುವಂತಿಲ್ಲ, ಹುಲ್ಲಿನ ಮೇಲೆ ನಡೆಯುವ ಮೊದಲೂ ಬೋರ್ಡು ಓದಬೇಕು. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದವಳು ಕಿಟಕಿಯ ಕಡೆ ಮುಖ ಮಾಡಿ, "ನಾ ಏನ್ ಸಣ್ಣ ಕೂಸೇನೋ ಗುರ್ಯಾ?" ಎಂದಳು.

ಈಗ ನನ್ನ ಮೊದಲನೆಯ ಸಿಟ್ಟು. ನಾವು ಹೋದ ದಿನ ಆ ಉದ್ಯಾನದಲ್ಲಿ ಟ್ಯುಲಿಪ್‌ಗಳ ಸಂಹಾರ ನಡೆದಿತ್ತು. ಬೇಸಿಗೆಯ ಸಸಿಗಳನ್ನು ನೆಡುವ ವಾರ ಬಂದಿದೆಯೆಂಬ ಒಂದೇ ಕಾರಣಕ್ಕೆ, ಇನ್ನೂ ನಾಲ್ಕಾರು ದಿನ ಬಾಳಬಹುದಾಗಿದ್ದ ಕೆಂಪು, ಹಳದಿ, ನೇರಿಳೆ ಹೂಗಳನ್ನು ಗಡ್ಡೆ ಸಮೇತ ಕಿತ್ತು ಕೈಗಾಡಿಗೆ ತುಂಬಿ ಗೊಬ್ಬರದ ಗುಂಡಿಗೆ ಸಾಗಿಸುತ್ತಿದ್ದರು. ಒಂದೇ ಒಂದು ಹೂ ಕಿತ್ತರೆ ಅಪರಾಧ, ಸಾವಿರ ಕಿತ್ತರೆ ನಿರ್ವಹಣೆ! ಮುಟ್ಟಬೇಡಿರೆಂದು ಬೋರ್ಡು ಹಾಕಿದ ಕೈಯೇ ಸಲಿಕೆ ಹಿಡಿದು ಬುಡಮೇಲು ಮಾಡುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಅಕ್ಕ ಬಾಯಿಮೇಲೆ ಸೆರಗಿಟ್ಟುಕೊಂಡು ನಿಂತೇಬಿಟ್ಟಳು. ಸಿಟ್ಟು ಬಂದಾಗ ನನಗೆ ಚಹಾ ಬೇಕಾಗುತ್ತದೆ. ಅವಳನ್ನು ಅಲ್ಲೇ ನಿಲ್ಲಿಸಿ ಕೆಫೆಗೆ ಹೋದೆ.

ಎರಡು ಲೋಟ ಹಿಡಿದು ಮರಳುವಾಗ ದೂರದಿಂದ ಕಂಡದ್ದು ಇದು: ನನ್ನ ಅಕ್ಕನ ತೋಳ ತುಂಬ ಟ್ಯುಲಿಪ್ಪು, ಮತ್ತು ಅವಳತ್ತ ನಡೆದು ಬರುತ್ತಿರುವ, ಹಸಿರು ಜಾಕೆಟ್ ತೊಟ್ಟ ಉದ್ಯಾನದ ಸ್ವಯಂಸೇವಕಿ. ನಾನು ಓಡಿದೆ. ಚಹಾ ಚೆಲ್ಲಿತು. "ಈ ಹೂ ಎಲ್ಲಿಂದ ಬಂದವು?" ಎಂದು ಆಕೆ ಕೇಳುತ್ತಿದ್ದದ್ದು ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತೆರಡು ವರ್ಷ ಲಂಡನ್ನಿನ ಉಪ್ಪುಂಡ ನನ್ನ ನಾಲಿಗೆ, "ಸಾರಿ, ಸಾರಿ, ಇಂಡಿಯಾದಿಂದ ಬಂದಿದ್ದಾರೆ, ಗೊತ್ತಾಗುವುದಿಲ್ಲ" ಎಂದು ಅಸಲಿ ಇಂಗ್ಲಿಷಿನಲ್ಲಿ ಒದರಿಬಿಟ್ಟಿತು. ನಾಲಿಗೆಗೆ ಪೈಪೋಟಿಯಾಗಿ ಕೈಗಳು ಅಕ್ಕನ ತೋಳಿನಿಂದ ಹೂಗಳನ್ನು ಕಸಿದು ಕೈಗಾಡಿಗೆ ಒಗೆದವು. ಆಗ ಗಾಡಿಯ ಹಿಂದಿನಿಂದ ನೆಟ್ಟಗಾದ, ನರೆತ ಗಡ್ಡದ ಮಾಲಿ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಅವನ್ನು ಈ ಅಮ್ಮನಿಗೆ ತಾನೇ ಕೊಟ್ಟದ್ದೆಂದ. ಸ್ವಯಂಸೇವಕಿ ಭುಜ ಕುಣಿಸಿ ಹೊರಟುಹೋದಳು.

ಅಕ್ಕನಿಗೆ ಅವರ ಇಂಗ್ಲಿಷು ಹಿಡಿಯುವುದಿಲ್ಲ, ಆದರೆ 'ಸಾರಿ' ತಿಳಿಯದವರು ಧಾರವಾಡದಲ್ಲಿ ಯಾರಿದ್ದಾರೆ?

"ನಾ ಏನ್ ಮಾಡೇನಂತ ಸಾರಿ ಅಂದಿ? ಅಂವಾನ ಕರದು ಕೊಟ್ಟಾನಲ್ಲೋ. ಒಂದ್ ಮಾತು ನನ್ನ ಕೇಳಬಾರದೇನು?"

ನಾನು ಗಾಡಿಗೆ ಕೈಹಾಕಿ ಹೂ ಎತ್ತಿಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೇಟಿನ ಕಡೆ ನಡೆದಳು. ಅವಳು ಹಾಗೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನದಿಂದ ನಮ್ಮ ಮನೆಯ ದೇವರಿಗೆ ಹೂ ನಿಂತುಹೋಯಿತು. ಅಂಗಡಿಯಿಂದ ಸೇವಂತಿಗೆ ತಂದೆ, ಹಾಗೇ ಬಾಡಿತು. ವಿಮಾನದಲ್ಲಿ ಬಂದ ಮಲ್ಲಿಗೆ ದಂಡೆ ತಂದೆ, ಅದನ್ನು ಅಕ್ಕ ನನ್ನ ಹೆಂಡತಿಗೆ ಮುಡಿಸಿದಳು. "ಇರ್ಲಿ ಬಿಡು, ಅಕ್ಷತಿ ಸಾಕು. ಈ ಊರಾಗ ಹೂವಿಗೆ ಕೈ ಹಚ್ಚಲಿಕ್ಕೆ ನನಗ ಹೆದರಿಕಿ ಬರ್ತದ" ಎಂದು ಸಮಾಧಾನದಿಂದಲೇ ಹೇಳಿದಳು. ಆ ಸಮಾಧಾನವೇ ನನ್ನನ್ನು ಸುಟ್ಟದ್ದು. ಬುದ್ಧಿ ಬಂದಾಗಿನಿಂದ ಒಂದು ದಿನವೂ ಬರಿಗೈಯಿಂದ ದೇವರ ಮುಂದೆ ಕೂತವಳಲ್ಲ ಇವಳು. ಹಾಗಿದ್ದವಳು ತಮ್ಮನ ಮನೆಯಲ್ಲಿ ಉಳಿದ ದಿನಗಳೆಲ್ಲ ಅಕ್ಕಿಕಾಳು ಹಾಕಿ ಕೈಮುಗಿದು, ಆ ನೆನಪನ್ನೇ ಕಟ್ಟಿಕೊಂಡು ಊರಿಗೆ ಮರಳಿದರೆ ಮುಂದೆ ನಾನು ಯಾವ ಮುಖದಿಂದ ಮಾಳಮಡ್ಡಿಗೆ ಹೋಗಲಿ? ಅವಳು ಹೊರಡುವುದರೊಳಗೆ ಆ ಕೈಗಳು ಮುಂದೆ ಬರಬೇಕಿತ್ತು. ನಾನು ಮಾತ್ರ ಸಿಕ್ಕವರ ಮೇಲೆಲ್ಲ ಸಿಟ್ಟಾಗುತ್ತಿದ್ದೆ. ಉದ್ಯಾನದ ಮೇಲೆ, ಕೌನ್ಸಿಲ್ ಮೇಲೆ, ಆ ಹಸಿರು ಜಾಕೆಟಿನ ಮೇಲೆ. ಮನಸ್ಸಿನಲ್ಲೇ ದೂರುಪತ್ರಗಳನ್ನು ಬರೆದು ಅಲ್ಪವಿರಾಮ ಸಮೇತ ತಿದ್ದುತ್ತಿದ್ದೆ.

ಪ್ರಾಯಶ್ಚಿತ್ತಕ್ಕೆಂದು ಜುಲೈ ತಿಂಗಳಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಕಾರು ಓಡಿಸಿ, ಸಟನ್ ಆಚೆಗಿನ ಒಂದು ಹೂವಿನ ತೋಟಕ್ಕೆ ಅವಳನ್ನು ಕರೆದೊಯ್ದೆ. ಅಲ್ಲಿ ಬಕೆಟ್ಟು, ಕತ್ತರಿ ಕೈಗೆ ಕೊಟ್ಟು, ಬೇಕಾದ ಹೂ ನೀವೇ ಕತ್ತರಿಸಿಕೊಳ್ಳಿ ಎನ್ನುತ್ತಾರೆ. ಒಂದು ಮಗ್ಗುಲಿಗೆ ಲ್ಯಾವೆಂಡರಿನ ಉದ್ದಾನುದ್ದ ಸಾಲು. ಆ ಸಾಲುಗಳ ನಡುವೆ ಬಿಳಿ ಉಡುಪಿನ, ಹುಲ್ಲುಟೋಪಿಯ ತರುಣಿಯರು ಫೋನಿನ ಮುಂದೆ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದರು. ಫೋಟೋ ಆದೊಡನೆ ನಗು ನಿಲ್ಲುತ್ತಿತ್ತು, ತುಳಿದ ಗಿಡದ ಕಡೆ ಯಾರೂ ನೋಡುತ್ತಿರಲಿಲ್ಲ. ಇವರನ್ನು ಕೇಳುವವರೇ ಇಲ್ಲವೇ! ಹೂವಿಗಾಗಿ ಬಂದ ನನ್ನ ಅಕ್ಕ ಬೆನ್ನ ಹಿಂದೆ ಕೈಕಟ್ಟಿ ಬದುವಿನ ಅಂಚಿನಲ್ಲೇ ನಿಂತಿದ್ದಳು. ಕತ್ತರಿ ಚಾಚಿದೆ, ಹಿಡಿಯಲಿಲ್ಲ. ಸರಿ, ನಾನೇ ಕತ್ತರಿಸಿದೆ. ಬಕೆಟ್ಟು ತುಂಬುವಷ್ಟು ಕತ್ತರಿಸಿದೆ. ಮನೆಗೆ ತಂದು ದೇವರ ಕಪಾಟಿನ ಮುಂದೆ ಇಟ್ಟು, ಹೊಗಳಿಕೆಗಾಗಿ ಪಕ್ಕದಲ್ಲೇ ನಿಂತೆ.

"ಒಂದೊಂದೂ ಮೂಸಿ ಮೂಸಿ ಬಕೆಟ್ಟಿಗೆ ಹಾಕಿದ್ಯಲ್ಲೋ, ನೋಡಿಲ್ಲೇನು ನಾ?" ಎಂದಳು ಅಕ್ಕ. "ನಿನ್ನ ಪಡಸಾಲ್ಯಾಗ ಇಡು, ಬಂದವರು ಚಂದ ಅಂತಾರ."

ಹೌದು, ಮೂಸಿದ್ದೆ. ಇಲ್ಲಿನವರಂತೆ ಕಣ್ಣು ಮುಚ್ಚಿ, ಹುಬ್ಬು ಏರಿಸಿ, ಶಾಸ್ತ್ರೋಕ್ತವಾಗಿ ಮೂಸಿದ್ದೆ. ಕೊಕ್ಕೆಕೋಲು ಹಿಡಿದು ಬೆಳೆದವನಿಗೆ ಮೊದಲನೆಯ ಪಾಠವೇ ಮರೆತುಹೋಗಿತ್ತು.

ಅವಳು ಹೊರಡಲು ನಾಲ್ಕು ದಿನವಿತ್ತು. ಇನ್ನು ತಡೆಯಲಾರದೆ ಅವಳನ್ನು ಮತ್ತೆ ಅದೇ ಉದ್ಯಾನಕ್ಕೆ ಎಳೆದುಕೊಂಡು ಹೋದೆ. ನನ್ನ ಅದೃಷ್ಟಕ್ಕೆ ಅದೇ ಹಸಿರು ಜಾಕೆಟ್ಟು ಗೇಟಿನ ಬಳಿ ನಿಂತಿತ್ತು. ಹನ್ನೊಂದು ವಾರ ಮನಸ್ಸಿನಲ್ಲಿ ತಿದ್ದಿದ ಭಾಷಣವನ್ನು ಒಪ್ಪಿಸಿದೆ: ನನ್ನ ಅಕ್ಕ ಕದ್ದಿರಲಿಲ್ಲ, ಮಾಲಿ ಕೊಟ್ಟಿದ್ದ, ನಿಮ್ಮ ಒಂದು ಪ್ರಶ್ನೆಯಿಂದ ಅವಳು ಹೂ ಮುಟ್ಟುವುದನ್ನೇ ಬಿಟ್ಟಿದ್ದಾಳೆ. ಆಕೆ ಕಣ್ಣರಳಿಸಿ ಕೇಳಿದಳು. ಆಕೆಗೆ ಏನೂ ನೆನಪಿರಲಿಲ್ಲ. ಕೊನೆಗೆ, ಕಿತ್ತ ಟ್ಯುಲಿಪ್ಪನ್ನು ತಾವೂ ಮನೆಗೆ ಒಯ್ಯುವುದುಂಟು, ಎಲ್ಲಿ ಸಿಗುತ್ತಿವೆಯೆಂದು ತಿಳಿಯಲು ಕೇಳಿರಬೇಕು ಎಂದು ಹೇಳಿ, "ಐ ಆಮ್ ಸೋ ಸಾರಿ" ಎಂದು ನನ್ನ ತೋಳು ಸವರಿದಳು.

ನನ್ನ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಆಕೆ ಆಪಾದನೆಯನ್ನೇ ಮಾಡಿರಲಿಲ್ಲ. ಫಿರ್ಯಾದಿ, ವಕೀಲ, ನ್ಯಾಯಾಧೀಶ ಎಲ್ಲ ನಾನೇ ಆಗಿ ಒಡಹುಟ್ಟಿದವಳನ್ನು ಕಳ್ಳಿ ಮಾಡಿದ್ದೆ.

"ಏನಂದ್ಲು ಆಕಿ?" ಎಂದು ಅಕ್ಕ ಕೇಳಿದಳು. ಮುಚ್ಚಿಡದೆ ಹೇಳಿದೆ.

"ಅವತ್ತ ನೀ ಆಕಿಗೆ ಸಾರಿ ಅಂದಿ. ಇವತ್ತ ಆಕಿ ನಿನಗ ಅಂದ್ಲು. ಮತ್ತ ನನಗ ಯಾರ್ ಅಂದ್ರೋ ಗುರ್ಯಾ?" ಎಂದಳು.

ಹನ್ನೊಂದು ವಾರದಲ್ಲಿ ಸೇವಂತಿಗೆ ತಂದಿದ್ದೆ, ದಂಡೆ ತಂದಿದ್ದೆ, ಬಕೆಟ್ಟು ತುಂಬಿ ತಂದಿದ್ದೆ. ಅದೊಂದು ಮಾತು ತಂದಿರಲಿಲ್ಲ. ಬಸ್ಸಿನಲ್ಲಿ ಕಾಲು ತಾಗಿದವನಿಗೆ, ಲಿಫ್ಟಿನಲ್ಲಿ ಎದುರಾದವನಿಗೆ, ಒಮ್ಮೊಮ್ಮೆ ತಾನಾಗಿ ತೆರೆಯುವ ಬಾಗಿಲಿಗೂ ಸಾರಿ ಎನ್ನುವ ನನಗೆ, ನಮ್ಮ ಮನೆಗಳಲ್ಲಿ ಅಕ್ಕತಂಗಿಯರಿಗೆ ಅದನ್ನು ಹೇಳುವ ರೂಢಿಯೇ ಇಲ್ಲವೆಂಬುದು ಅನುಕೂಲವಾಗಿತ್ತು.

"ತಪ್ಪಾತಕ್ಕಾ," ಎಂದೆ. "ನಿನ್ನ ಕೇಳಬೇಕಿತ್ತು."

"ಹ್ಞೂಂ," ಎಂದಳು. "ಕೇಳಬೇಕಿತ್ತು."

ಹೂಪಾತಿಗಳ ನಡುವೆ ನಡೆದೆವು. ಟ್ಯುಲಿಪ್ಪಿದ್ದ ಜಾಗದಲ್ಲಿ ಈಗ ಡೇಲಿಯಾಗಳು ಎದೆಯೆತ್ತರ ನಿಂತಿದ್ದವು. ಅದೇ ಮಾಲಿ ಬಾಡಿದ ಹೂಗಳನ್ನು ಕತ್ತರಿಸುತ್ತಿದ್ದ. ಅಕ್ಕನನ್ನು ನೋಡಿದವನೇ ಗುರುತು ಹಿಡಿದು ಟೋಪಿ ಮುಟ್ಟಿದ. ಗಾಳಿಗೆ ಮುರಿದು, ಸಿಪ್ಪೆಯೊಂದರ ಆಧಾರದಲ್ಲಿ ಜೋತಾಡುತ್ತಿದ್ದ ಒಂದು ರೆಂಬೆಯನ್ನು ಬಿಡಿಸಿದ. ಮೂರು ಕೆಂಪು ಹೂ; ನೆಲ ತಾಗಿರಲಿಲ್ಲ, ಯಾರೂ ಮೂಸಿರಲಿಲ್ಲ. ಅದನ್ನು ಅವನು ಅಕ್ಕನತ್ತ ಚಾಚಿದ.

ಅಕ್ಕ ಹೂವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅರವತ್ತೈದರ ಹೆಂಗಸು, ಕೊಕ್ಕೆಕೋಲು ಹಿಡಿಯುವುದನ್ನು ನನಗೆ ಕಲಿಸಿದವಳು, ಒಂದು ಹೂ ತೆಗೆದುಕೊಳ್ಳುವ ಮೊದಲು ನನ್ನ ಕೈಗಳನ್ನು ನೋಡಿದಳು.

ನಾನು ಅವೆರಡನ್ನೂ ಬೆನ್ನ ಹಿಂದೆ ಒಯ್ದು ಬಿಗಿಯಾಗಿ ಕಟ್ಟಿಕೊಂಡೆ. ಆಗ ಅವಳು ತನ್ನವನ್ನು ಬಿಚ್ಚಿ ಮುಂದೆ ಚಾಚಿದಳು.

ಮರುದಿನ ಬೆಳಗ್ಗೆ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಪಕ್ಕದ ಗಣಪತಿಯ ತಲೆಯ ಮೇಲೆ, ಅವನಿಗಿಂತ ದೊಡ್ಡದಾದ ಡೇಲಿಯಾ ಕೂತಿತ್ತು. ಅಕ್ಕ ಊರು ಸೇರಿ ತಿಂಗಳಾಯಿತು. ಉದ್ಯಾನಗಳಲ್ಲಿ ಉಳಿದವರು ಯಾಕೆ ಕೈಕಟ್ಟಿ ನಡೆಯುತ್ತಾರೋ ನಾನರಿಯೆ, ಹೂ ಕಿತ್ತೇವೆಂಬ ಭಯವಿರಬಹುದು. ನನ್ನ ಕೈಗಳಿಗೆ ಹೂ ಕೀಳುವ ಚಟ ಎಂದೋ ಬಿಟ್ಟುಹೋಗಿದೆ. ಅವು ಇನ್ನೊಬ್ಬರ ಕೈಯಿಂದ ಕಸಿಯುವುದನ್ನು ಕಲಿತಿದ್ದವು, ಅದಕ್ಕೇ ಬೆನ್ನ ಹಿಂದೆ ಇಟ್ಟಿದ್ದೇನೆ.