ಹವಾಲ್ದಾರಜ್ಜನ ಎಮ್ಮೆಗಳು

ಹಡಪಸರದ ಗಲ್ಲಿಯೊಂದರಲ್ಲಿ ನನ್ನ ಸ್ಕೂಟರಿಗೆ ಅಡ್ಡವಾಗಿ ಎಮ್ಮೆಗಳ ಹಿಂಡು ನಿಂತುಬಿಟ್ಟಿತ್ತು. ಹಾರ್ನ್ ಹೊಡೆದೆ, ಮರಾಠಿಯಲ್ಲಿ ಗದರಿದೆ, ಕೊನೆಗೆ ಸಿಟ್ಟು ನೆತ್ತಿಗೇರಿ ಕನ್ನಡದಲ್ಲೇ ಬೈದೆ. ಹುರಿಮೀಸೆಯ ಅಜ್ಜ ಒಬ್ಬರು ಎಮ್ಮೆಗಳ ನಡುವಿನಿಂದ ನಗುತ್ತ ಬಂದರು.

“ನಮ್ಮ ಕಡೆಯಾಕಿ ಏನವಾ? ಬೈಬ್ಯಾಡ, ಇವಕ್ಕ ಆರ್ಡರ್ ಕೊಡಬೇಕು” ಎಂದವರೇ ಎದೆಯುಬ್ಬಿಸಿ “ತೇಜ್ ಚಲ್!” ಎಂದು ಗುಡುಗಿದರು. ಎಮ್ಮೆಗಳು ಸಾಲಾಗಿ ಹೊರಟೇಬಿಟ್ಟವು! ಬೆಳಗಾವಿ ಕಡೆಯ ಅಜ್ಜ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರಂತೆ. ನಿವೃತ್ತರಾದಾಗಿನಿಂದ, ಅಂದರೆ ನಲವತ್ತು ವರ್ಷದಿಂದ, ಇಲ್ಲಿಯೇ ಎಮ್ಮೆ ಸಾಕಿಕೊಂಡಿದ್ದಾರೆ.

ಒಂದು ಮುದಿ ಎಮ್ಮೆ ಮಾತ್ರ ಕದಲದೆ ಗಲ್ಲಿಗೆ ಅಡ್ಡ ನಿಂತು ಮೆಲುಕು ಹಾಕುತ್ತಿತ್ತು. “ಇದಕ್ಕೂ ಹೇಳ್ರಿ ಅಜ್ಜಾ” ಎಂದೆ.

ಅಜ್ಜ ದನಿ ತಗ್ಗಿಸಿದರು. “ಅಕಿಗೆ ಆರ್ಡರ್ ಕೊಡಾಂಗಿಲ್ಲವಾ. ಹಾಲು ಬತ್ತಿ ರಿಟೈರ್ ಆಗ್ಯಾಳ. ನನಗ ಸರ್ಕಾರ ಪಿನ್ಶನ್ ಕೊಡ್ತದ, ಅಕಿಗೆ ನಾ ಕೊಡ್ತೀನಿ.”

ತೆಪ್ಪಗೆ ಸ್ಕೂಟರ್ ಹಿಂದಕ್ಕೆ ತಳ್ಳಿಕೊಂಡು ಬೇರೆ ದಾರಿ ಹಿಡಿದೆ.

ಯಾಕೆ ತಡವಾಯಿತೆಂದು ಕೇಳಿದ ಅತ್ತೆಗೆ ಇದನ್ನೆಲ್ಲ ಹೇಳಿದ್ದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ಅವರು ಅಡುಗೆಮನೆಗೆ ಬರಲೇ ಇಲ್ಲ. ಬಾಲ್ಕನಿಯ ಕುರ್ಚಿಯಿಂದ ದನಿ ಮಾತ್ರ ಬಂತು: “ಚಾ ಇಲ್ಲೇ ತಗೊಂಡು ಬಾರವಾ. ಇವತ್ತಿಂದ ನಂದೂ ಪಿನ್ಶನ್ ಶುರು!”