ಹೆಲ್ಮೆಟ್ ನನಗೆ, ಮಣಿಕಟ್ಟಿನ ಗಾರ್ಡ್ ಅಣ್ಣನಿಗೆ

ಇವತ್ತು ಬೆಳಿಗ್ಗೆ ಗಿರಿನಗರದ ಪಾರ್ಕಿನ ಮುಂದೆ ಒಬ್ಬ ತಾಯಿ ಮಗಳ ಮಣಿಕಟ್ಟಿಗೆ ಸ್ಕೇಟಿಂಗ್ ಗಾರ್ಡ್ ಬಿಗಿಯುತ್ತಿದ್ದರು. ವೆಲ್ಕ್ರೋ ಪಟ್ಟಿಯ ಆ ಪರ್ ಎನ್ನುವ ಸದ್ದಿಗೆ ನಿಂತುಬಿಟ್ಟೆ.

ಚಿಕ್ಕವಳಿದ್ದಾಗ ನನಗೂ ಅಣ್ಣನಿಗೂ ಸೋದರಮಾವ ಒಂದೊಂದು ಜೊತೆ ಇನ್‌ಲೈನ್ ಸ್ಕೇಟ್ಸ್ ಕೊಡಿಸಿದ್ದರು. ಗಾರ್ಡ್‌ಗಳ ಸೆಟ್ ಮಾತ್ರ ಒಂದೇ. ಅಪ್ಪ ಅದನ್ನು ಹಾಲ್‌ನಲ್ಲಿ ಹರಡಿಕೊಂಡು, ದೀಪಾವಳಿಗೆ ಪಟಾಕಿ ಹಂಚುವ ಹಾಗೆ ಹಂಚಲು ಕೂತರು.

"ಹೆಲ್ಮೆಟ್ಟು, ಮಂಡಿದು ಪುಟ್ಟಿಗೆ ಕೊಡೋ. ಹೆಣ್ಣುಮಗು, ಕಲೆ ಉಳೀಬಾರ್ದು," ಎಂದರು ಅಜ್ಜಿ.

"ಕೈದು ಇವನಿಗಿರ್ಲಿ ರೀ. ಟೆಂತು, ಬರೆಯೋ ಕೈ," ಎಂದರು ಅಮ್ಮ.

"ನಾನೂ ಬರೀತೀನಲ್ಲ," ಎಂದೆ ಮೆಲ್ಲಗೆ.

"ನೀನು ಬರಿಯೋದು ಬರೀ ಕಥೆ ಕಣೇ," ಎಂದು ಅಣ್ಣ ನಕ್ಕ.

ಮೂರನೇ ದಿನ ನಮ್ಮ ಬನಶಂಕರಿ ಮನೆಯ ಇಳಿಜಾರು ರಸ್ತೆಯಲ್ಲಿ ಚಕ್ರಕ್ಕೆ ಜಲ್ಲಿ ಸಿಕ್ಕಿ, ಬಲಗೈ ಊರಿಕೊಂಡು ಬಿದ್ದೆ. ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅಜ್ಜಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಸದ್ಯ, ಮುಖಕ್ಕೇನೂ ಆಗಿಲ್ಲ ಕಣೋ," ಎಂದರು. ಅಪ್ಪ ನೆಮ್ಮದಿಯ ಉಸಿರು ಬಿಟ್ಟರು.

ಮುಂದೆ ಎಂ.ಎ. ಪರೀಕ್ಷೆಗಳಲ್ಲಿ ಕೊನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಆ ಕೈ ಮರಗಟ್ಟುತ್ತಿತ್ತು. ಉತ್ತರ ಪ್ರತಿ ಸಲವೂ ಅರ್ಧಕ್ಕೇ ನಿಂತಿತು. ನೆಂಟರು ಬಂದಾಗ ಮನೆಯವರು ಮಾತ್ರ ಆ ದಿನವನ್ನು ಇವತ್ತಿಗೂ ನನ್ನ ಅದೃಷ್ಟದ ಕಥೆಯೆಂದೇ ಹೇಳುತ್ತಾರೆ.