ಯರಿಹಾಳದಲ್ಲಿ ಸೀಟಿ ಊದುವುದಿಲ್ಲ

ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಾನು ಹನ್ನೊಂದು ವರ್ಷದಿಂದ ಓಡಾಡುತ್ತಿದ್ದೇನೆ. ನವಲಗುಂದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೊರಗೆ ನಾಲ್ಕು ಜನ ನಮಸ್ಕಾರ ಹಾಕುತ್ತಾರೆ, ಆದರೆ ಬಸ್ಸಿನೊಳಗೆ ಕಂಡಕ್ಟರ್ ಸುಮಂಗಲಾ ಅವರ ಮುಂದೆ ನನ್ನ ಆಟ ನಡೆಯುವುದಿಲ್ಲ. ಒಂದು ದಿನ ಸ್ಟ್ಯಾಂಡಿನ ಹೋಟೆಲಿನಲ್ಲಿ ಅರ್ಧ ಚಹಾ ಕೈಯಲ್ಲಿ ಹಿಡಿದು, 'ಬಂದೆ, ಬಂದೆ' ಎಂದು ಕೈಬೀಸಿದೆ. ಅವರು ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಎರಡು ಸೀಟಿ ಊದಿದರು. ಬಸ್ಸು ಹೋಯಿತು.

ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಮೂರನೆಯ ಮಾತು ಅವರಲ್ಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹೆತ್ತ ತಾಯಿ ಸಣ್ಣವ್ವನಿಗೂ ಆಧಾರ್ ಕಾರ್ಡ್ ನೋಡದೆ ಟಿಕೆಟ್ ಕೊಟ್ಟವರಲ್ಲ. "ನನ್ನ ಹಡದಾಕಿ ನೀನ ಅಂತ ನನಗ ಗೊತ್ತೈತಿ ಬೇ, ಸರಕಾರಕ್ಕ ಗೊತ್ತಿಲ್ಲ. ಕಾರ್ಡ್ ತಗಿ," ಎಂದು ತುಂಬಿದ ಬಸ್ಸಿನಲ್ಲಿ ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಇಂಥವರಿಗೂ ಒಂದು ಹುಚ್ಚಿದೆ: ತವರೂರು ಯರಿಹಾಳದ ಕುದುರೆ ಶರ್ಯತ್ತು. ಹೋಳಿ ಹುಣ್ಣಿಮೆ ಕಳೆದ ಮೊದಲ ಸೋಮವಾರ, ಹಿಂಗಾರಿ ಫಸಲು ಮನೆಗೆ ಬಂದು ಹೊಲಗಳು ಖಾಲಿಯಾದ ಹೊತ್ತಿನಲ್ಲಿ, ಡಾಂಬರು ರಸ್ತೆಗೆ ಹೊಂದಿಕೊಂಡ ಹೊಲದ ದಾರಿಯ ಮೇಲೆ ಎಂಟು-ಹತ್ತು ಕುದುರೆಗಳು ಒಂದು ಮೈಲಿ ಓಡುತ್ತವೆ. ಗೆದ್ದ ಕುದುರೆಯ ಬೆನ್ನಿಗೆ ನವಲಗುಂದದ ಜಮಖಾನೆ ಹೊದಿಸಿ ಊರೆಲ್ಲ ತಿರುಗಿಸುತ್ತಾರೆ. ಇಷ್ಟೇ. ನೋಡಲಿಕ್ಕೆ ಎರಡು-ಮೂರು ನಿಮಿಷದ ಆಟ. ಅಷ್ಟಕ್ಕಾಗಿ ಸುಮಂಗಲಾ ವರ್ಷವಿಡೀ ಕಾಯುತ್ತಾರೆ. "ಗಂಡ ನನ್ನ ನೋಡಾಕ ಬಂದಾಗೂ ಎದಿ ಹಿಂಗ ಹೊಡಕೊಂಡಿದ್ದಿಲ್ರಿ," ಎಂದು ಅವರೇ ಹೇಳುತ್ತಾರೆ.

ಅವರ ತಂದೆ ಹನಮಪ್ಪ ಊರ ಗೌಡರ ಕುದುರೆ ನೋಡಿಕೊಳ್ಳುತ್ತಿದ್ದವರು. ಮೈ ತಿಕ್ಕುವುದು, ಮೇವು ಹಾಕುವುದು, ಓಟ ಕಲಿಸುವುದು ಎಲ್ಲ ಅವರದೇ; ಶರ್ಯತ್ತಿನ ದಿನ ಬೆನ್ನೇರುವವರು ಮಾತ್ರ ಗೌಡರ ಮನೆಯವರು. ಹನಮಪ್ಪ ಬೆಳೆಸಿದ ಕೊನೆಯ ಮರಿ ಮೋತಿ ಎಂಬ ಬಿಳಿ ಹೆಣ್ಣುಕುದುರೆ. ಸುಮಂಗಲಾ ನೌಕರಿಗೆ ಸೇರಿದ ಹೊಸತರಲ್ಲಿ ತಮ್ಮದೊಂದು ಸೀಟಿಯನ್ನು ಅಪ್ಪನಿಗೆ ಕೊಟ್ಟಿದ್ದರು. ಹನಮಪ್ಪ ಅದನ್ನು ಕೊರಳಿಗೆ ಕಟ್ಟಿಕೊಂಡು, ಮಗಳು ಬಸ್ಸಿಗೆ ಹೇಳುವುದನ್ನೇ ಮೋತಿಗೂ ಕಲಿಸಿದರು. ಒಂದಕ್ಕೆ ನಿಲ್ಲು, ಎರಡಕ್ಕೆ ಓಡು. ಮುಂದೆ ಗೌಡರು ಕುದುರೆ ಸಾಕುವುದನ್ನು ಬಿಟ್ಟರು. ಮೋತಿಯನ್ನು ಅದೇ ಊರಿನ ಹಜರತಅಲಿ ಕೊಂಡು, ಬಸ್ಸಿನ ಸೀಟಿ ಕೇಳದಷ್ಟು ದೂರದ ತಮ್ಮ ಹೊಲದ ಮನೆಗೆ ಒಯ್ದರು. ಹನಮಪ್ಪ ತೀರಿಕೊಂಡರು. ಓಟ ಬಿಡಲಿಕ್ಕೆ ಮೈಕು, ಹಸಿರು ಬಾವುಟ ಬಂದವು. ಸೀಟಿಯನ್ನು ಎಲ್ಲರೂ ಮರೆತರು.

ಪ್ರತಿ ವರ್ಷ ಆ ಸೋಮವಾರ ಸುಮಂಗಲಾ ರಜೆ ಹಾಕುತ್ತಿದ್ದರು. ಅದಕ್ಕಾಗಿ ಎಷ್ಟು ಸಂಬಂಧಿಕರ ಮದುವೆ ಮಾಡಿಸಿದರೋ, ಎಷ್ಟು ಜನರನ್ನು ಆಸ್ಪತ್ರೆಗೆ ಸೇರಿಸಿದರೋ, ಅವರ ಅರ್ಜಿಗಳೇ ಹೇಳಬೇಕು. ಹೋದ ವರ್ಷ ಹಜರತಅಲಿ, "ಮೋತಿಗೆ ಹದಿನೈದ ತುಂಬಿದ್ವು ತಂಗೆವ್ವ. ಇದ ಕಡೀ ಓಟ. ಮುಂದ ಓಡ್ಸಂಗಿಲ್ಲ," ಎಂದು ಮೊದಲೇ ತಿಳಿಸಿದ್ದರು. ಕೊನೆಯದಕ್ಕಾದರೂ ಸುಳ್ಳು ಬೇಡವೆಂದು ಸುಮಂಗಲಾ 'ಕುದುರೆ ಶರ್ಯತ್ತು ನೋಡುವ ಸಲುವಾಗಿ' ಎಂದೇ ಬರೆದರು. ಪಿಯುಸಿ ಪರೀಕ್ಷೆ ನಡೆದಿದೆ, ಯಾರಿಗೂ ರಜೆ ಇಲ್ಲ ಎಂದು ಅರ್ಜಿ ವಾಪಸು ಬಂತು. ಹದಿನಾರು ವರ್ಷ ಸುಳ್ಳಿಗೆ ಸಿಕ್ಕ ರಜೆ ನಿಜಕ್ಕೆ ಸಿಗಲಿಲ್ಲ.

ಆ ಸೋಮವಾರ ನಮ್ಮ ಬಸ್ಸು ಯರಿಹಾಳ ಮುಟ್ಟಿದಾಗ ಒಂಬತ್ತು ಇಪ್ಪತ್ತು. ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದರು. ಬಾಜುವಿನ ಹೊಲದ ದಾರಿಯಲ್ಲಿ ಒಂಬತ್ತು ಕುದುರೆಗಳು ಸಾಲಾಗಿ ನಿಂತಿದ್ದವು. ತುದಿಗೆ, ರಸ್ತೆಯ ಮಗ್ಗುಲಲ್ಲೇ, ಮೋತಿ. ಮೇಲೆ ಹಜರತಅಲಿ ತಾವೇ ಕೂತಿದ್ದರು. ಐವತ್ತೈದು ದಾಟಿದರೂ ಹಗ್ಗದಂಥ ಮೈ.

"ದೇವರ ಬಂದ ಹಗ್ಗ ಕಟ್ಯಾನ್ರಿ ಅಕ್ಕಾರ. ಇಳದ ನೋಡ್ರಿ," ಎಂದು ಡ್ರೈವರ್ ಬಸವಣ್ಣೆಪ್ಪ ಎಂಜಿನ್ ಆರಿಸಿದ. ಸುಮಂಗಲಾ ಅವರ ಮುಖ ಅರಳಿದ್ದನ್ನು ನಾನು ಕಂಡೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಗಡಿಯಾರ ನೋಡಲಿಲ್ಲ.

ಆಗ ಹಿಂದಿನಿಂದ ಶಾಂಭವಿ ಎಂಬ ಹುಡುಗಿ ಎದ್ದು ಬಂದಳು. ಕೈಯಲ್ಲಿ ಹಾಲ್ ಟಿಕೆಟ್.

"ಅಕ್ಕಾರ, ಹತ್ತಕ್ಕ ಪರೀಕ್ಷಾ ಐತ್ರಿ. ನವಲಗುಂದ ಎಷ್ಟೊತ್ತಿಗೆ ಮುಟ್ತೇವ್ರಿ?"

ಸುಮಂಗಲಾ ಹುಡುಗಿಯನ್ನು ನೋಡಿದರು. ಕಿಟಕಿಯಾಚೆ ಮೋತಿಯನ್ನು ನೋಡಿದರು. ಆಮೇಲೆ ದಡದಡ ಇಳಿದು, ಶರ್ಯತ್ತಿನ ಕಮಿಟಿಯ ಹಿರಿಯ ಸಂಗನಬಸವ ಅವರ ಮುಂದೆ ಹೋಗಿ ನಿಂತರು.

"ಹಗ್ಗ ಬಿಚ್ಚಿಸ್ರಿ."

"ಹತ್ತ ನಿಮಿಷ ತಡಿ ಸುಮಂಗಲಾ. ನಿನಗೂ ನೋಡಾಕ ಆಕ್ಕತಿ."

"ಈ ಊರಾಗ ಹುಟ್ಟೇನ್ರಿ, ನಿಮ್ಮ ಹತ್ತ ನಿಮಿಷ ನನಗ ಗೊತ್ತಿಲ್ಲೇನು? ಹ್ವಾದ ಸಲದ ಹತ್ತ ನಿಮಿಷದಾಗ ಮನಿಗೆ ಹೋಗಿ ರೊಟ್ಟಿ ಬಡದ ಬಂದೇನಿ ನಾ. ಹುಡುಗಿ ಪರೀಕ್ಷಾ ಐತಿ, ಬಿಚ್ಚಿಸ್ರಿ."

ಹಗ್ಗ ಬಿಚ್ಚಿದರು. ಬಸ್ಸು ದಾಟಿ ರಸ್ತೆ ಖಾಲಿಯಾದ ಮೇಲೆಯೇ ಓಟ ಎಂದು ಮೈಕಿನಲ್ಲಿ ಸಾರಿದರು. ಅಲ್ಲಿಗೆ ಮೋತಿಯ ಕೊನೆಯ ಓಟ ಸುಮಂಗಲಾ ಅವರ ಪಾಲಿಗೆ ತಪ್ಪಿತು. ಅವರು ಬಾಗಿಲ ಮೆಟ್ಟಿಲು ಹತ್ತಿದರು. ಕುದುರೆಗಳ ಕಡೆ ತಿರುಗಿ ನೋಡಲಿಲ್ಲ. ಕೈ ತಾನಾಗಿ ಸೀಟಿಯನ್ನು ಬಾಯಿಗೆ ಒಯ್ದಿತು. ಎರಡು ಸಲ ಊದಿದರು.

ಬಸ್ಸು ಹೊರಟಿತು. ಮೋತಿಯೂ ಹೊರಟಿತು.

ಉಳಿದ ಎಂಟೂ ಕುದುರೆಗಳು ನಿಂತಲ್ಲೇ ನಿಂತಿದ್ದವು. ಮೈಕು "ಹಿಡೀರ್ಲೇ, ಹಿಡೀರಿ!" ಎಂದು ಅರಚುತ್ತಿತ್ತು. ಮೋತಿ ಒಂದೇ, ಬಸ್ಸಿನ ಮಗ್ಗುಲಲ್ಲಿ, ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಓಡುತ್ತಿತ್ತು. ಗೊರಸಿಗೆ ಸಿಡಿದ ಎರೆಮಣ್ಣಿನ ಹೆಂಟೆಗಳು ಬಸ್ಸಿನ ತಗಡಿಗೆ ಪಟಪಟ ಬಡಿಯುತ್ತಿದ್ದವು. ನಾನು ಕುದುರೆಯ ಗೊಡವೆಗೆ ಹೋದವನಲ್ಲ. ಆದರೂ ಎದ್ದು ನಿಂತು ಏನೇನೋ ಕೂಗಿದೆ. ಬಾಗಿಲಲ್ಲಿದ್ದ ಸುಮಂಗಲಾ ನಗುತ್ತಿದ್ದರು. ಆಮೇಲೆ ತಾವು ಮಾಡಿದ್ದು ತಿಳಿದು ಅವರ ಮುಖ ಬಿಳಿಚಿತು. ಒಂದು ಸೀಟಿ ಊದಿದ್ದರೆ ಮೋತಿ ನಿಲ್ಲುತ್ತಿತ್ತು. ಸೀಟಿ ತುಟಿಯ ಮೇಲೇ ಇತ್ತು. ಕುದುರೆ ಕೊನೆಯ ಗೆರೆ ದಾಟುವವರೆಗೂ ಅವರು ಊದಲಿಲ್ಲ. ಊದಿದರೆ ಬಸ್ಸೂ ನಿಲ್ಲುತ್ತದಲ್ಲ, ಪರೀಕ್ಷೆಯ ಹುಡುಗಿಯ ಸಲುವಾಗಿ ಸುಮ್ಮನಿದ್ದಾರೆ ಎಂದು ನಾನು ತಿಳಿದೆ.

ಹತ್ತಕ್ಕೆ ಎಂಟು ನಿಮಿಷ ಇರುವಾಗ ಶಾಂಭವಿ ನವಲಗುಂದದಲ್ಲಿ ಇಳಿದು ಓಡಿದಳು. ಸುಮಂಗಲಾ ಇಡೀ ದಿನ ಯಾರನ್ನೂ ಬೈಯಲಿಲ್ಲವೆಂದು ಬಸವಣ್ಣೆಪ್ಪ ಆಮೇಲೆ ಹೇಳಿದ.

ಸಂಜೆ ತಿರುಗಿ ಬರುವ ಬಸ್ಸಿನಲ್ಲಿ ನಾನೂ ಇದ್ದೆ. ಯರಿಹಾಳದಲ್ಲಿ ಹಜರತಅಲಿ ಮೋತಿಯನ್ನು ಹಿಡಿದುಕೊಂಡು ರಸ್ತೆಗೇ ಬಂದು ನಿಂತಿದ್ದರು. ಮೋತಿಯ ಬೆನ್ನ ಮೇಲೆ ಜಮಖಾನೆ ಇರಲಿಲ್ಲ. ಸುಮಂಗಲಾ ಬೈಗುಳಕ್ಕೆ ತಯಾರಾಗಿಯೇ ಇಳಿದರು.

"ಖರೇ ಓಟಕ್ಕ ಬಿಡಲಿಲ್ಲೇನ್ ಕಾಕಾ?"

"ಎಲ್ಲಿ ಬಿಡ್ಲಿ ತಂಗೆವ್ವ. ಒಂದ ಓಟದ್ದ ಉಸರ ಇತ್ತು ಆಕಿ ಹತ್ರ. ಮುಂಜಾನೆ ಓಡಿ ಮುಗಿಸಿದ್ಲು."

ಸುಮಂಗಲಾ ಅಷ್ಟು ಜನರ ಎದುರಿಗೇ ಅತ್ತುಬಿಟ್ಟರು. "ಒಂದ ಸೀಟಿ ಊದಿದ್ರ ನಿಂದರ್ತಿದ್ಲು ಕಾಕಾ. ಹುಡುಗಿ ಪರೀಕ್ಷಾಕ್ಕ ನಾ ಸುಮ್ಮನಿದ್ದೆ ಅಂತ ಮಂದಿ ಅಂತಾರ. ಸುಳ್ಳದು. ನನಗ ನೋಡಬೇಕಾಗಿತ್ತು. ಅದಕ್ಕ ಊದಲಿಲ್ಲ."

ಹಜರತಅಲಿ ಮೋತಿಯ ಕುತ್ತಿಗೆ ಸವರಿದರು. "ಲಗಾಮ ನನ್ನ ಕೈಯಾಗ ಇತ್ತಲ್ಲವಾ? ಸೀಟಿ ಕೇಳಿದ ಕೂಡ್ಲೆ ನಿಮ್ಮಪ್ಪನ ನೆನಪಾತು. ಆಕಿಗೂ ಆಗಿರಬೇಕು. ನಾ ಯಾಕ ಜಗ್ಗಲಿ? ಫಸ್ಟ್ ಬಂದಾಳ ತಗೋ. ಉಳದವು ಇನ್ನ ಬಿಟ್ಟಿದ್ದಿಲ್ಲ, ಅಷ್ಟ."

ಸುಮಂಗಲಾ ಅಳುತ್ತಲೇ ನಕ್ಕರು. ಮೋತಿಯ ಹಣೆಗೆ ಹಣೆ ಹಚ್ಚಿ ನಿಂತರು. ಬಸವಣ್ಣೆಪ್ಪ ಎಂಜಿನ್ ಆರಿಸಿ ಕೈಕಟ್ಟಿ ಕೂತ. ಬಸ್ಸಿನಲ್ಲಿ ಯಾರೂ ತಡವಾಯಿತು ಎನ್ನಲಿಲ್ಲ. ಗಡಿಯಾರ ನೋಡಿದವನು ನಾನೊಬ್ಬನೇ, ಏಳು ನಿಮಿಷ.

ಕಣ್ಣೊರೆಸಿಕೊಂಡು ಹತ್ತಿದರು. ರೂಢಿಯಂತೆ ಸೀಟಿ ಬಾಯಿಗೆ ಬಂತು. ಕೆಳಗೆ ಮೋತಿ ಕಿವಿ ನಿಮಿರಿಸಿತು. ಸುಮಂಗಲಾ ಸೀಟಿಯನ್ನು ಇಳಿಸಿ, ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಮೆಲ್ಲಗೆ ಎರಡು ಸಲ ಬಡಿದು, "ಹೋಗೂಣು ನಡಿ ಬಸವಣ್ಣೆಪ್ಪ," ಎಂದರು.

ಯರಿಹಾಳದಲ್ಲಿ ಈಗಲೂ ಹಾಗೆಯೇ ಬಡಿಯುತ್ತಾರೆ, ಮೋತಿ ಅಲ್ಲಿ ಕಾಣಲಿ, ಕಾಣದಿರಲಿ.